ಒಂದೇ ಗಣಕ, ಎರಡು ವೆಬ್ ಸರ್ವರ್: ಏಕೆ, ಹೇಗೆ ಮತ್ತು ಎಷ್ಟು ದಿನ?

ಒಂದು ಒರೆಯಲ್ಲಿ ಎರಡು ಕತ್ತಿ ಇರಲಾರವು ಎಂಬುದು ಹಳೆಯ ಗಾದೆ. ಒಂದೇ ಗಣಕದಲ್ಲಿ ಎರಡು ಬೇರೆ ಬೇರೆ ವೆಬ್ ಸರ್ವರ್ ತಂತ್ರಾಂಶಗಳನ್ನು ನಡೆಸಲು ಹೊರಟವರಿಗೆ ಮೊದಲ ದಿನವೇ ಈ ಮಾತು ನೆನಪಾಗುತ್ತದೆ. ಒಂದನ್ನು ಚಾಲೂ ಮಾಡಿದರೆ ಇನ್ನೊಂದು ಏಳುವುದಿಲ್ಲ. ಆದರೆ ಗಣಕದ ಮಟ್ಟಿಗೆ ಈ ಗಾದೆ ಅರ್ಧ ಮಾತ್ರ ನಿಜ. ಎರಡನ್ನೂ ಒಟ್ಟಿಗೆ ನಡೆಸಲು ಸಾಧ್ಯ. ಅದಕ್ಕೆ ಸರಿಯಾದ ಕ್ರಮವೊಂದಿದೆ, ಕ್ರಮ ತಪ್ಪಿದರೆ ಅಪಾಯವೂ ಇದೆ. ಅವೆರಡನ್ನೂ ಇಲ್ಲಿ ವಿವರಿಸಲಾಗಿದೆ.

ಜಿಗಣಿಯಿಂದ ಒಂದು ಉದಾಹರಣೆ

ಬೆಂಗಳೂರು ನಗರ ಜಿಲ್ಲೆಯ ಆನೇಕಲ್ ತಾಲ್ಲೂಕಿಗೆ ಸೇರಿದ ಜಿಗಣಿ ಕೈಗಾರಿಕಾ ಪ್ರದೇಶವು ಗ್ರಾನೈಟ್ ಕಲ್ಲನ್ನು ಕೊಯ್ದು ಹೊಳಪು ಕೊಡುವ ಘಟಕಗಳಿಗೆ ಹೆಸರಾಗಿದೆ. ಎಲೆಕ್ಟ್ರಾನಿಕ್ ಸಿಟಿಯ ತಂತ್ರಾಂಶ ಕಂಪೆನಿಗಳು ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿವೆ. ಆದರೆ ಇಂತಹ ಸಣ್ಣ ಕಾರ್ಖಾನೆಗಳಲ್ಲಿ ಮಾಹಿತಿ ತಂತ್ರಜ್ಞಾನ ವಿಭಾಗವೆಂದರೆ ಸಾಮಾನ್ಯವಾಗಿ ಲೆಕ್ಕಪತ್ರದ ಕೋಣೆಯ ಮೂಲೆಯಲ್ಲಿರುವ ಒಂದು ಸರ್ವರ್ ಗಣಕ ಮತ್ತು ಇತರ ಕೆಲಸಗಳ ನಡುವೆ ಅದನ್ನೂ ನೋಡಿಕೊಳ್ಳುವ ಒಬ್ಬ ನೌಕರ. ಅಂತಹ ಒಂದು ಘಟಕವನ್ನು ವಿವರಣೆಗಾಗಿ ಕಲ್ಪಿಸಿಕೊಳ್ಳೋಣ.

ಯಾವ ಚಪ್ಪಡಿ ಅಂಗಳದ ಯಾವ ಭಾಗದಲ್ಲಿದೆ, ಅದರ ಅಳತೆಯೆಷ್ಟು, ಯಾರಿಗೆ ಯಾವ ದರಕ್ಕೆ ಒಪ್ಪಿಸಲಾಗಿದೆ ಎಂಬ ದಾಸ್ತಾನು ಲೆಕ್ಕಕ್ಕಾಗಿ ಈ ಘಟಕವು 2004ರಲ್ಲಿ ಒಂದು ತಂತ್ರಾಂಶ ಬರೆಸಿದೆ ಎನ್ನೋಣ. ಅದನ್ನು ಮೈಕ್ರೋಸಾಫ್ಟ್‌ನ ಎಎಸ್‌ಪಿ ತಂತ್ರದಲ್ಲಿ ಬರೆಯಲಾಗಿದ್ದು, ವಿಂಡೋಸ್‌ನ ಐಐಎಸ್ ಎಂಬ ವೆಬ್ ಸರ್ವರ್ ಮೇಲೆ ಅದು ನಡೆಯುತ್ತಿದೆ. ಬರೆದವರು ಈಗ ಸಂಪರ್ಕದಲ್ಲಿಲ್ಲ. ಇತ್ತ ಹೊರದೇಶದ ಖರೀದಿದಾರರು ಕಲ್ಲಿನ ಚಿತ್ರ ನೋಡಿ ಬೇಡಿಕೆ ಕಳುಹಿಸಲು ಹೊಸ ಜಾಲತಾಣ ಬೇಕಾಗಿದೆ. ಅದನ್ನು ಪಿಎಚ್‌ಪಿ ಭಾಷೆಯಲ್ಲಿ, ಅಪಾಚೆ ಎಂಬ ಮುಕ್ತ ತಂತ್ರಾಂಶದ ಸರ್ವರ್‌ಗಾಗಿ ಬರೆಯಲಾಗಿದೆ. ಗಣಕ ಒಂದೇ, ಅಂತರಜಾಲ ಸಂಪರ್ಕವೂ ಒಂದೇ.

ಹಳೆಯದನ್ನು ಒಂದೇ ರಾತ್ರಿಯಲ್ಲಿ ಕಿತ್ತು ಹೊಸದನ್ನು ಕೂರಿಸಬಹುದು. ಆದರೆ ಬೆಳಿಗ್ಗೆ ಲಾರಿ ಬಂದು ನಿಂತಾಗ ಯಾವ ಚಪ್ಪಡಿ ಯಾರದೆಂದು ಹೇಳುವ ಲೆಕ್ಕ ಸಿಗದಿದ್ದರೆ ಆ ದಿನದ ವ್ಯವಹಾರ ನಿಲ್ಲುತ್ತದೆ. ಎರಡು ಸರ್ವರ್‌ಗಳನ್ನು ಜೊತೆಯಾಗಿ ನಡೆಸುವ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಮೊದಲಿಗೆ, ಎರಡನೆಯ ಸರ್ವರ್ ನಿಜವಾಗಿಯೂ ಬೇಕೇ ಎಂದು ಕೇಳಿಕೊಳ್ಳಬೇಕು. ಪಿಎಚ್‌ಪಿಯನ್ನು ಐಐಎಸ್ ಮೇಲೂ ನಡೆಸಬಹುದು. ಹೊಸ ತಾಣವು ಅಪಾಚೆಯ ವಿಶಿಷ್ಟ ನಿಯಮಕಡತಗಳನ್ನು ಅವಲಂಬಿಸಿಲ್ಲವಾದರೆ ಒಂದೇ ಸರ್ವರ್ ಸಾಕು. ಅವಲಂಬಿಸಿದ್ದರೆ ಅಥವಾ ಹಳೆಯದನ್ನು ಮುಟ್ಟಲು ಧೈರ್ಯವಿಲ್ಲದಿದ್ದರೆ ಮುಂದಿನ ಭಾಗಗಳನ್ನು ಓದಬಹುದು.

ವೆಬ್ ಸರ್ವರ್ ಎಂದರೇನು?

ವೆಬ್ ಸರ್ವರ್ ಎಂಬುದು ಕಾಯುತ್ತ ಕುಳಿತಿರುವ ಒಂದು ತಂತ್ರಾಂಶ. ನಿಮ್ಮ ಬ್ರೌಸರ್ ಒಂದು ಪುಟ ಬೇಕೆಂದು ಕೋರಿಕೆ ಕಳುಹಿಸುತ್ತದೆ. ಸರ್ವರ್ ಅದನ್ನು ಓದಿ, ಕಡತವನ್ನು ಹುಡುಕಿ ಅಥವಾ ಪುಟವನ್ನು ಸಿದ್ಧಪಡಿಸಿ ಹಿಂದಕ್ಕೆ ಕಳುಹಿಸುತ್ತದೆ. ಮೊದಲ ವೆಬ್ ಸರ್ವರ್ ಅನ್ನು ಜಿನೀವಾದ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ 1990ರಲ್ಲಿ ರಚಿಸಿದರು. ಅಪಾಚೆ ಮತ್ತು ಐಐಎಸ್ ಎರಡೂ 1995ರಲ್ಲಿ ಹುಟ್ಟಿದವು. ರಷ್ಯಾದ ಇಗೋರ್ ಸಿಸೋಯೆವ್ ಬರೆದ ಎಂಜಿನ್‌ಎಕ್ಸ್ 2004ರಲ್ಲಿ ಸಾರ್ವಜನಿಕರಿಗೆ ದೊರೆಯಿತು. ಇಂದು ಚರ್ಚೆಯಾಗುವ ಜೋಡಿಗಳು ಬಹುಪಾಲು ಈ ಮೂರರಲ್ಲಿ ಯಾವುದಾದರೂ ಎರಡು.

ಜಗಳ ಎಲ್ಲಿ?

ಜಗಳ ಪೋರ್ಟ್ ಎಂಬ ಸಂಖ್ಯೆಯದು. ಅಂತರಜಾಲದಲ್ಲಿ ಪ್ರತಿ ಗಣಕಕ್ಕೂ ಐಪಿ ವಿಳಾಸವಿರುತ್ತದೆ. ಒಂದೇ ಗಣಕದಲ್ಲಿ ಅಂಚೆ, ವೆಬ್, ಕಡತ ರವಾನೆ ಮೊದಲಾದ ಹಲವು ಸೇವೆಗಳು ಇರುವುದರಿಂದ ಯಾವ ಕೋರಿಕೆ ಯಾರಿಗೆ ಎಂದು ತಿಳಿಯಲು ವಿಳಾಸದ ಜೊತೆಗೆ ಒಂದು ಪೋರ್ಟ್ ಸಂಖ್ಯೆಯೂ ಬೇಕು. ಬೀದಿಯ ವಿಳಾಸ ಒಂದೇ ಆದರೂ ಕಟ್ಟಡದೊಳಗೆ ಮಳಿಗೆ ಸಂಖ್ಯೆ ಬೇರೆ ಬೇರೆ ಇರುವಂತೆ ಇದು. ಸಂಖ್ಯೆಗಳು 65,535ರವರೆಗೆ ಇವೆ. ಸಾಮಾನ್ಯ ವೆಬ್ ಕೋರಿಕೆಗೆ 80, ಗೂಢಲಿಪೀಕರಿಸಿದ ಕೋರಿಕೆಗೆ 443 ಎಂದು ಜಗತ್ತಿನಾದ್ಯಂತ ಒಪ್ಪಿಗೆಯಾಗಿದೆ. ಆದ್ದರಿಂದಲೇ ನಾವು ತಾಣದ ಹೆಸರನ್ನಷ್ಟೇ ಬೆರಳಚ್ಚಿಸುತ್ತೇವೆ. ಸಂಖ್ಯೆಯನ್ನು ಬ್ರೌಸರ್ ತಾನೇ ಊಹಿಸಿಕೊಳ್ಳುತ್ತದೆ.

ಒಂದು ಐಪಿ ವಿಳಾಸದ ಒಂದು ಪೋರ್ಟ್‌ನಲ್ಲಿ ಸಾಮಾನ್ಯವಾಗಿ ಒಂದೇ ತಂತ್ರಾಂಶ ಕಿವಿಗೊಟ್ಟು ಕೂರಬಹುದು. ಐಐಎಸ್ ಮೊದಲೇ 80ರಲ್ಲಿ ಕುಳಿತಿದ್ದರೆ ಅಪಾಚೆ ಏಳದೆ ದೋಷಸಂದೇಶ ನೀಡುತ್ತದೆ. ವಿಂಡೋಸ್‌ನಲ್ಲಿ ಅದರ ಸಂಖ್ಯೆ 10048, ಲಿನಕ್ಸ್‌ನಲ್ಲಿ 98. ಎರಡರ ಅರ್ಥವೂ ಒಂದೇ: ಈ ಸ್ಥಳದಲ್ಲಿ ಬೇರೊಬ್ಬರು ಕುಳಿತಿದ್ದಾರೆ.

ಯಾರು ಕುಳಿತಿದ್ದಾರೆಂದು ತಿಳಿಯಲು ನೆಟ್‌ಸ್ಟ್ಯಾಟ್ ಎಂಬ ಆದೇಶವಿದೆ. ವಿಂಡೋಸ್‌ನಲ್ಲಿ ಅದು ತೋರಿಸುವ ಪ್ರಕ್ರಿಯೆಯ ಸಂಖ್ಯೆ 4 ಆಗಿದ್ದರೆ ಗಾಬರಿಯಾಗಬೇಕಿಲ್ಲ. ವಿಂಡೋಸ್ ಸರ್ವರ್ 2003ರಿಂದೀಚೆಗೆ ಐಐಎಸ್ ಪರವಾಗಿ ಕೋರಿಕೆಗಳನ್ನು ಸ್ವೀಕರಿಸುವುದು ಕಾರ್ಯಾಚರಣೆ ವ್ಯವಸ್ಥೆಯ ತಿರುಳಿನಲ್ಲೇ ಇರುವ ಎಚ್‌ಟಿಟಿಪಿ ಡಾಟ್ ಸಿಸ್ ಎಂಬ ಭಾಗ. ಆದ್ದರಿಂದ ಅಲ್ಲಿ ಐಐಎಸ್ ಹೆಸರು ಕಾಣದೆ ಸಿಸ್ಟಮ್ ಎಂಬ ಹೆಸರು ಕಾಣುತ್ತದೆ.

ಮೂರು ದಾರಿಗಳು

ಮೊದಲ ದಾರಿ, ಬೇರೆ ಪೋರ್ಟ್. ಐಐಎಸ್ 80ರಲ್ಲೇ ಇರಲಿ, ಅಪಾಚೆಯನ್ನು 8080ರಲ್ಲಿ ಕೂರಿಸುವುದು. ಅಪಾಚೆಯ ಸಂರಚನಾ ಕಡತದಲ್ಲಿ ಲಿಸನ್ ಎಂಬ ಸಾಲಿನ ಸಂಖ್ಯೆಯನ್ನು ಬದಲಿಸಿದರೆ ಸಾಕು, ಐದು ನಿಮಿಷದ ಕೆಲಸ. ಕಾರ್ಖಾನೆಯ ಒಳಗಿನ ಬಳಕೆಗೆ, ಪ್ರಯೋಗಕ್ಕೆ ಇದು ಒಳ್ಳೆಯದು. ಆದರೆ ಹೊರಗಿನವರು ತಾಣದ ಹೆಸರಿನ ಮುಂದೆ ಸಂಖ್ಯೆಯನ್ನೂ ಬೆರಳಚ್ಚಿಸಬೇಕು. ಎಷ್ಟೋ ಕಚೇರಿಗಳ ಫೈರ್‌ವಾಲ್ 80 ಮತ್ತು 443ನ್ನು ಬಿಟ್ಟು ಉಳಿದವನ್ನು ತಡೆಯುವುದರಿಂದ ಖರೀದಿದಾರರಿಗೆ ತಾಣ ತೆರೆಯದೆಯೂ ಹೋಗಬಹುದು.

ಎರಡನೆಯ ದಾರಿ, ಬೇರೆ ಐಪಿ ವಿಳಾಸ. ಒಂದೇ ಗಣಕಕ್ಕೆ ಎರಡು ವಿಳಾಸ ಕೊಟ್ಟು, ಒಂದರ 80ರಲ್ಲಿ ಐಐಎಸ್, ಇನ್ನೊಂದರ 80ರಲ್ಲಿ ಅಪಾಚೆ. ಇದು ಅಚ್ಚುಕಟ್ಟಾದ ವ್ಯವಸ್ಥೆಯಾದರೂ ಹಳೆಯ ಮಾದರಿಯ ಐಪಿ ವಿಳಾಸಗಳು ಈಗ ದುರ್ಲಭ. ಜಾಗತಿಕ ಸಂಗ್ರಹವು 2011ರ ಫೆಬ್ರುವರಿಯಲ್ಲಿ ಬರಿದಾಯಿತು. ಅದೇ ವರ್ಷದ ಏಪ್ರಿಲ್‌ನಿಂದ ಏಷ್ಯಾ-ಪೆಸಿಫಿಕ್ ವಲಯದಲ್ಲಿ ಹಂಚಿಕೆಯ ಮೇಲೆ ಕಟ್ಟುನಿಟ್ಟಿನ ಮಿತಿ ಬಂದಿತು. ಇನ್ನೊಂದು ತೊಡಕೂ ಇದೆ. ಐಐಎಸ್ ತಾಣವನ್ನು ಒಂದು ವಿಳಾಸಕ್ಕೆ ಕಟ್ಟಿದ ಮೇಲೂ, ಮೇಲೆ ಹೇಳಿದ ಎಚ್‌ಟಿಟಿಪಿ ಡಾಟ್ ಸಿಸ್ ಗಣಕದ ಎಲ್ಲ ವಿಳಾಸಗಳ 80ನ್ನೂ ಹಿಡಿದುಕೊಂಡೇ ಇರುತ್ತದೆ. ಅದು ಯಾವ ವಿಳಾಸಕ್ಕೆ ಮಾತ್ರ ಕಿವಿಗೊಡಬೇಕೆಂಬ ಪಟ್ಟಿಯನ್ನು ನೆಟ್‌ಶೆಲ್ ಆದೇಶದ ಮೂಲಕ ಪ್ರತ್ಯೇಕವಾಗಿ ಬರೆಯಬೇಕು. ಇದು ತಿಳಿಯದೆ ಇಡೀ ದಿನ ಕಳೆದವರು ಕಡಿಮೆಯಿಲ್ಲ.

ಮೂರನೆಯ ದಾರಿ, ದ್ವಾರಪಾಲಕ. ಒಂದು ಸರ್ವರ್ ಮಾತ್ರ ಬೀದಿ ಬಾಗಿಲಲ್ಲಿ ನಿಲ್ಲುತ್ತದೆ. ಇನ್ನೊಂದು ಒಳಗಿನ ಕೋಣೆಯಲ್ಲಿರುತ್ತದೆ. ಹೊರಗಿನವರ ಕೋರಿಕೆಯೆಲ್ಲ ಮುಂದಿನ ಸರ್ವರ್‌ಗೆ ಬಂದು, ತನ್ನದಲ್ಲದ್ದನ್ನು ಅದು ಒಳಕ್ಕೆ ದಾಟಿಸಿ, ಉತ್ತರ ತಂದು ಕೊಡುತ್ತದೆ. ಈ ವ್ಯವಸ್ಥೆಗೆ ರಿವರ್ಸ್ ಪ್ರಾಕ್ಸಿ ಎಂದು ಹೆಸರು. ನಮ್ಮ ಜಿಗಣಿಯ ಘಟಕಕ್ಕೆ ಹೊಂದುವುದು ಇದೇ.

ದ್ವಾರಪಾಲಕನ ಕೆಲಸ

ಮುಂದಿನ ಸರ್ವರ್ ಕೋರಿಕೆಗಳನ್ನು ಎರಡು ಬಗೆಯಲ್ಲಿ ವಿಂಗಡಿಸಬಲ್ಲದು. ಒಂದು, ತಾಣದ ಹೆಸರಿನಿಂದ. 1997ರಲ್ಲಿ ಬಂದ ಎಚ್‌ಟಿಟಿಪಿ 1.1 ನಿಯಮಾವಳಿಯು ಪ್ರತಿ ಕೋರಿಕೆಯಲ್ಲೂ ಹೋಸ್ಟ್ ಎಂಬ ಸಾಲು ಇರಬೇಕೆಂದು ಕಡ್ಡಾಯ ಮಾಡಿತು. ಯಾವ ಹೆಸರಿನ ತಾಣ ಬೇಕೆಂಬುದು ಅದರಲ್ಲಿರುತ್ತದೆ. ಇದರಿಂದ ಒಂದೇ ವಿಳಾಸದಲ್ಲಿ ನೂರು ತಾಣಗಳೂ ಇರಬಹುದು. ಇನ್ನೊಂದು, ಪುಟದ ಹಾದಿಯಿಂದ. ವಿಳಾಸದಲ್ಲಿ ‘ದಾಸ್ತಾನು’ ಎಂಬ ಹಾದಿ ಕಂಡರೆ ಹಳೆಯ ಐಐಎಸ್‌ಗೆ, ಉಳಿದದ್ದೆಲ್ಲ ಅಪಾಚೆಗೆ ಎಂದು ನಿಯಮ ಬರೆಯಬಹುದು.

ಅಪಾಚೆಯನ್ನು ಮುಂದೆ ನಿಲ್ಲಿಸುವ ಕ್ರಮ ಹೀಗಿದೆ:

1. ದತ್ತಸಂಚಯದ ಮತ್ತು ಎರಡೂ ಸರ್ವರ್‌ಗಳ ಸಂರಚನಾ ಕಡತಗಳ ಪ್ರತಿ ತೆಗೆದು ಬೇರೆ ಗಣಕದಲ್ಲಿ ಇಡಬೇಕು.

2. ಐಐಎಸ್ ತಾಣವನ್ನು 80ರಿಂದ 8080ಕ್ಕೆ ಬದಲಿಸಿ, 127.0.0.1 ಎಂಬ ಒಳವಿಳಾಸಕ್ಕೆ ಕಟ್ಟಬೇಕು. ಈ ವಿಳಾಸವನ್ನು ಅದೇ ಗಣಕ ಮಾತ್ರ ತಲುಪಬಲ್ಲದು. ಫೈರ್‌ವಾಲ್‌ನಲ್ಲೂ 8080ನ್ನು ಹೊರಗಿನಿಂದ ಮುಚ್ಚಬೇಕು.

3. ಅಪಾಚೆಯನ್ನು 80 ಮತ್ತು 443ರಲ್ಲಿ ಕೂರಿಸಿ, ಅದರ ಪ್ರಾಕ್ಸಿ ಘಟಕಗಳನ್ನು ಚಾಲೂ ಮಾಡಬೇಕು.

4. ಪ್ರಾಕ್ಸಿಪಾಸ್ ಎಂಬ ಸಾಲಿನಲ್ಲಿ ಯಾವ ಹಾದಿ ಎಲ್ಲಿಗೆ ಎಂದೂ, ಪ್ರಾಕ್ಸಿಪಾಸ್‌ರಿವರ್ಸ್ ಎಂಬ ಸಾಲಿನಲ್ಲಿ ಹಿಂದಿನ ಸರ್ವರ್ ಕಳುಹಿಸುವ ಮರುನಿರ್ದೇಶನಗಳನ್ನು ತಿದ್ದುವಂತೆಯೂ ಬರೆಯಬೇಕು. ಎರಡನೆಯದನ್ನು ಮರೆತರೆ ದೂರದೇಶದ ಖರೀದಿದಾರನ ಬ್ರೌಸರ್ ತನ್ನದೇ ಗಣಕದ 8080ರಲ್ಲಿ ನಿಮ್ಮ ತಾಣವನ್ನು ಹುಡುಕತೊಡಗುತ್ತದೆ.

5. ಪ್ರಾಕ್ಸಿರಿಕ್ವೆಸ್ಟ್ಸ್ ಎಂಬ ಸಾಲು ಆಫ್ ಸ್ಥಿತಿಯಲ್ಲಿದೆಯೇ ಎಂದು ನೋಡಬೇಕು. ರಿವರ್ಸ್ ಪ್ರಾಕ್ಸಿಗೆ ಅದು ಬೇಕಿಲ್ಲ. ಅದನ್ನು ತೆರೆದಿಟ್ಟರೆ ಅಪರಿಚಿತರು ನಿಮ್ಮ ಗಣಕವನ್ನು ಮರೆಯಾಗಿಟ್ಟುಕೊಂಡು ಬೇರೆ ತಾಣಗಳ ಮೇಲೆ ದಾಳಿ ಮಾಡಬಹುದು.

ಗೂಢಲಿಪೀಕರಣದ ಪ್ರಮಾಣಪತ್ರವನ್ನು ಮುಂದಿನ ಸರ್ವರ್‌ನಲ್ಲಿ ಮಾತ್ರ ಇಟ್ಟರೆ ಸಾಕೆಂಬುದು ಈ ಕ್ರಮದ ಇನ್ನೊಂದು ಲಾಭ. ಇದು ಸಣ್ಣ ಲಾಭವಲ್ಲ. ಪ್ರಮಾಣಪತ್ರ ಸಂಸ್ಥೆಗಳೂ ಬ್ರೌಸರ್ ತಯಾರಕರೂ 2025ರಲ್ಲಿ ಒಪ್ಪಿದ ನಿಯಮದಂತೆ ಪ್ರಮಾಣಪತ್ರಗಳ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನ. 2029ರ ಮಾರ್ಚ್ 15ರಿಂದ ಅದು 47 ದಿನಕ್ಕೆ ಇಳಿಯಲಿದೆ. ನವೀಕರಣವನ್ನು ಒಂದೇ ಕಡೆ, ತಾನೇ ತಾನಾಗಿ ಆಗುವಂತೆ ಏರ್ಪಡಿಸುವುದು ಜಾಣತನ.

ಕನ್ನಡ ವಿಕಿಪೀಡಿಯದ ಹಿಂದೆಯೂ ಇದೇ ಕ್ರಮ

ಇದು ಬಡವರ ಮನೆಯ ತೇಪೆ ಕೆಲಸವೆಂದು ಯಾರೂ ತಿಳಿಯಬಾರದು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಸೇರಿದಂತೆ ಎಲ್ಲ ಭಾಷೆಗಳ ವಿಕಿಪೀಡಿಯಗಳೂ ಬಹುಕಾಲದಿಂದ ಇದೇ ತತ್ತ್ವದ ಮೇಲೆ ನಡೆದಿವೆ. ಹಿಂದೆ ಪುಟ ಸಿದ್ಧಪಡಿಸುವುದು ಅಪಾಚೆ ಮತ್ತು ಪಿಎಚ್‌ಪಿ. ಮುಂದೆ ಸಿದ್ಧ ಪುಟಗಳ ಪ್ರತಿ ಇಟ್ಟುಕೊಂಡು ಓದುಗರಿಗೆ ಹಂಚಲು ಬೇರೆಯೇ ತಂತ್ರಾಂಶ. ಆರಂಭದ ವರ್ಷಗಳಲ್ಲಿ ಅದು ಸ್ಕ್ವಿಡ್ ಆಗಿತ್ತು, ನಂತರ ವಾರ್ನಿಶ್ ಬಂದಿತು, 2020ರ ಹೊತ್ತಿಗೆ ಅಪಾಚೆ ಟ್ರಾಫಿಕ್ ಸರ್ವರ್ ಕೂಡ ಅದರ ಜೊತೆ ಸೇರಿತು. ಅಲ್ಲಿ ಗಣಕಗಳು ಅನೇಕ, ನಮ್ಮಲ್ಲಿ ಒಂದು; ವ್ಯತ್ಯಾಸ ಅಷ್ಟೇ. ಮುಂದಿನ ತಂತ್ರಾಂಶವನ್ನು ಮತ್ತೆ ಮತ್ತೆ ಬದಲಿಸಿದರೂ ಓದುಗರ ವಿಳಾಸ ಬದಲಾಗಲಿಲ್ಲ ಎಂಬುದನ್ನು ಗಮನಿಸಬೇಕು.

ಎಂಜಿನ್‌ಎಕ್ಸ್ ಮುಂದೆ, ಅಪಾಚೆ ಹಿಂದೆ ಎಂಬ ಜೋಡಿ ಜನಪ್ರಿಯವಾದದ್ದಕ್ಕೆ ಕಾರಣವೂ ಇಂತಹದೇ. ಅಪಾಚೆಯ ಹಳೆಯ ಕ್ರಮದಲ್ಲಿ ಪ್ರತಿ ಸಂಪರ್ಕಕ್ಕೂ ಒಂದು ಪ್ರಕ್ರಿಯೆ ಮೀಸಲು. ನಿಧಾನ ಸಂಪರ್ಕದ ಸಾವಿರಾರು ಜನ ಏಕಕಾಲಕ್ಕೆ ಬಂದರೆ ಗಣಕದ ಸ್ಮೃತಿ ತುಂಬಿಹೋಗುತ್ತದೆ. ಪರೀಕ್ಷಾ ಫಲಿತಾಂಶದ ದಿನ ಪುಟ ತೆರೆಯದೆ ಕಾದವರಿಗೆ ಇದರ ಪರಿಣಾಮ ಗೊತ್ತು. ಎಂಜಿನ್‌ಎಕ್ಸ್ ಕೆಲವೇ ಪ್ರಕ್ರಿಯೆಗಳಲ್ಲಿ ಸಾವಿರಾರು ಸಂಪರ್ಕಗಳನ್ನು ಹಿಡಿದಿಟ್ಟುಕೊಳ್ಳಬಲ್ಲುದರಿಂದ ಅದನ್ನು ಬಾಗಿಲಲ್ಲಿ ನಿಲ್ಲಿಸಿ, ಪುಟ ಸಿದ್ಧಪಡಿಸುವ ಭಾರದ ಕೆಲಸವನ್ನು ಮಾತ್ರ ಅಪಾಚೆಗೆ ಬಿಡಲಾಗುತ್ತದೆ.

ಕನ್ನಡ ಅಕ್ಷರಗಳ ವಿಷಯ

ಕನ್ನಡದಲ್ಲಿ ಲೆಕ್ಕವಿಟ್ಟವರಿಗೆ ಇಲ್ಲಿ ವಿಶೇಷ ತೊಡಕೊಂದು ಎದುರಾಗುತ್ತದೆ. ಹಳೆಯ ತಂತ್ರಾಂಶದಲ್ಲಿ ಕೂಲಿಕಾರರ, ಊರುಗಳ ಹೆಸರುಗಳನ್ನು ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ತುಂಬಿಸಿರಬಹುದು. ಅವುಗಳಲ್ಲಿ ಕನ್ನಡ ಅಕ್ಷರದ ತುಣುಕುಗಳು ರೋಮನ್ ಮೊದಲಾದ ಚಿಹ್ನೆಗಳ ಸಂಕೇತಸ್ಥಾನದಲ್ಲಿ ಕುಳಿತಿರುತ್ತವೆ. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಹೊಸ ತಾಣವಾದರೋ ಯುನಿಕೋಡ್‌ನಲ್ಲಿ, ಯುಟಿಎಫ್-8 ಸಂಕೇತದಲ್ಲಿ ಇರುತ್ತದೆ.

ಪುಟ ಯಾವ ಸಂಕೇತದಲ್ಲಿದೆ ಎಂದು ಸರ್ವರ್ ಕಳುಹಿಸುವ ತಲೆಬರಹವು ಪುಟದೊಳಗೆ ಬರೆದಿರುವ ಸೂಚನೆಗಿಂತ ಮೇಲಿನದು. ಮುಂದಿನ ಸರ್ವರ್ ಎಲ್ಲ ಪುಟಗಳಿಗೂ ಯುಟಿಎಫ್-8 ಎಂಬ ಚೀಟಿ ಅಂಟಿಸುವಂತೆ ಹೊಂದಿಸಿದ್ದರೆ ಹಳೆಯ ಪುಟಗಳ ಕನ್ನಡ ಚೌಕಗಳಾಗಿಯೋ ಪ್ರಶ್ನಾರ್ಥಕ ಚಿಹ್ನೆಗಳಾಗಿಯೋ ಕಾಣುತ್ತದೆ. ಆಗ ದತ್ತಾಂಶವೇ ಹಾಳಾಯಿತೆಂದು ಹೆದರಿ ಸಿಬ್ಬಂದಿ ಆ ಪುಟದಲ್ಲೇ ಹೆಸರುಗಳನ್ನು ಮತ್ತೆ ತುಂಬಿಸಿ ಉಳಿಸಿದರೆ ನಿಜವಾಗಿಯೂ ಹಾಳಾಗುತ್ತದೆ. ಆದ್ದರಿಂದ ಹಳೆಯ ಹಾದಿಯ ಪುಟಗಳಿಗೆ ಅವುಗಳ ಸಂಕೇತವನ್ನೇ ಉಳಿಸಬೇಕು. ಒಂದು ಪುಟವನ್ನು ತೆರೆದು, ಒಂದು ಹೆಸರನ್ನು ತಿದ್ದಿ, ಉಳಿಸಿ, ಮತ್ತೆ ತೆರೆದು ನೋಡುವವರೆಗೆ ಬದಲಾವಣೆಯನ್ನು ಜಾರಿಗೆ ತರಬಾರದು.

ಹಳೆಯ ದತ್ತಾಂಶವನ್ನು ಯುನಿಕೋಡ್‌ಗೆ ಪರಿವರ್ತಿಸುವಾಗ ಇನ್ನೊಂದು ಎಚ್ಚರ ಬೇಕು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್‌ಗಳು ಬೇಕು. ಹೆಸರಿಗೆಂದು 50 ಬೈಟ್ ಮಾತ್ರ ಮೀಸಲಿಟ್ಟ ಅಂಕಣದಲ್ಲಿ 16 ಸಂಕೇತಗಳಷ್ಟೇ ಹಿಡಿಯುತ್ತವೆ. ಒತ್ತಕ್ಷರ, ಗುಣಿತಗಳಿರುವ ಉದ್ದದ ಹೆಸರು ನಡುವೆಯೇ ಕತ್ತರಿಸಿಹೋಗಬಹುದು.

ಅಪಾಯಗಳು

ದ್ವಾರಪಾಲಕನನ್ನು ನಿಲ್ಲಿಸಿದ ಮೇಲೆ ಹಿಂದಿನ ಸರ್ವರ್ ಸುರಕ್ಷಿತ ಎಂಬ ಭಾವನೆ ತಪ್ಪು. ಮುಂದಿನ ಸರ್ವರ್ ಕೋರಿಕೆಯನ್ನು ದಾಟಿಸುತ್ತದೆ. ಕೆಟ್ಟ ಕೋರಿಕೆಯನ್ನೂ ದಾಟಿಸುತ್ತದೆ. 2001ರ ಜುಲೈನಲ್ಲಿ ಕೋಡ್ ರೆಡ್ ಎಂಬ ಗಣಕಹುಳು ಐಐಎಸ್‌ನ ಒಂದು ದೋಷದ ಮೂಲಕ ಹರಡಿ, 14 ಗಂಟೆಗಳೊಳಗೆ 3.59 ಲಕ್ಷಕ್ಕೂ ಹೆಚ್ಚು ಗಣಕಗಳನ್ನು ಹೊಕ್ಕಿತು. ಆ ದೋಷಕ್ಕೆ ಮೈಕ್ರೋಸಾಫ್ಟ್ ಅದರ ಹಿಂದಿನ ತಿಂಗಳೇ ಪರಿಹಾರ ಬಿಡುಗಡೆ ಮಾಡಿತ್ತು. ಹಾಕಿಕೊಂಡಿರದವರ ಗಣಕಗಳು ಸಿಕ್ಕಿಬಿದ್ದವು. ವಿಂಡೋಸ್ ಸರ್ವರ್ 2003ಕ್ಕೆ ಬೆಂಬಲ ನಿಂತದ್ದು 2015ರ ಜುಲೈ 14ರಂದು. ಇನ್ನೂ ಅದನ್ನೇ ನಡೆಸುವವರಿಗೆ ಸಾಮಾನ್ಯ ಪರಿಹಾರಗಳು ಬರುವುದೇ ಇಲ್ಲ. ಅಂತಹ ಹಳೆಯ ತಂತ್ರಾಂಶವನ್ನು ಹೊರಜಗತ್ತಿಗೆ ತೋರಿಸದೆ ಕಾರ್ಖಾನೆಯ ಒಳಜಾಲಕ್ಕೆ ಸೀಮಿತಗೊಳಿಸುವುದೇ ಕ್ಷೇಮ.

ಎರಡನೆಯ ಅಪಾಯ ಇದಕ್ಕಿಂತ ಸೂಕ್ಷ್ಮ. ಹಳೆಯ ತಂತ್ರಾಂಶವು ಕಚೇರಿಯ ಗಣಕಗಳ ಐಪಿ ವಿಳಾಸ ನೋಡಿ ಒಳಬಿಡುವಂತೆ ಬರೆದದ್ದಾಗಿರಬಹುದು. ದ್ವಾರಪಾಲಕ ಬಂದ ಮೇಲೆ ಎಲ್ಲ ಕೋರಿಕೆಗಳೂ 127.0.0.1ರಿಂದ, ಅಂದರೆ ಮನೆಯೊಳಗಿನಿಂದಲೇ ಬಂದಂತೆ ಅದಕ್ಕೆ ಕಾಣುತ್ತವೆ. ಮನೆಯವರನ್ನು ನಂಬುವ ನಿಯಮವಿದ್ದರೆ ಬೀದಿಯಲ್ಲಿ ಹೋಗುವವರೆಲ್ಲ ಮನೆಯವರಾಗುತ್ತಾರೆ. ನಿಮ್ಮ ದರಪಟ್ಟಿ ಪೈಪೋಟಿದಾರರ ಕೈಗೆ ಸಿಗಲು ಇಷ್ಟು ಸಾಕು. ತಡೆಯನ್ನು ಮುಂದಿನ ಸರ್ವರ್‌ನಲ್ಲೇ ಹೊಸದಾಗಿ ಬರೆದು, ಹೊರಗಿನ ಮೊಬೈಲ್ ಸಂಪರ್ಕದಿಂದ ಪರೀಕ್ಷಿಸಿ ನೋಡಬೇಕು. ನಿಜವಾದ ವಿಳಾಸವನ್ನು ಎಕ್ಸ್-ಫಾರ್ವರ್ಡೆಡ್-ಫಾರ್ ಎಂಬ ಸಾಲಿನಲ್ಲಿ ಹಿಂದಕ್ಕೆ ಕಳುಹಿಸಬಹುದು. ಆದರೆ ಹೊರಗಿನವರೂ ಅದೇ ಹೆಸರಿನ ಸುಳ್ಳು ಸಾಲನ್ನು ಬರೆದು ಕಳುಹಿಸಬಹುದಾದ್ದರಿಂದ ಅದನ್ನೇ ನಂಬಿ ಬಾಗಿಲು ತೆರೆಯಬಾರದು.

ಮೂರನೆಯದು ದಾಖಲೆ. ಐಐಎಸ್ ತನ್ನ ದಿನಚರಿ ಕಡತದಲ್ಲಿ ಸಾಮಾನ್ಯವಾಗಿ ಯುಟಿಸಿ ಸಮಯವನ್ನು ಬರೆಯುತ್ತದೆ, ಅಪಾಚೆ ಭಾರತೀಯ ಕಾಲಮಾನವನ್ನು ಬರೆಯುತ್ತದೆ. ಎರಡರ ನಡುವೆ ಐದೂವರೆ ಗಂಟೆಯ ಅಂತರ. ಒಂದೇ ಘಟನೆ ಎರಡು ಕಡತಗಳಲ್ಲಿ ಎರಡು ಹೊತ್ತಿಗೆ ನಡೆದಂತೆ ಕಾಣುತ್ತದೆ. ಭಾರತದ ಗಣಕ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸಂಸ್ಥೆಗಳು ತಮ್ಮ ಗಣಕ ವ್ಯವಸ್ಥೆಯ ದಿನಚರಿಗಳನ್ನು 180 ದಿನ ಕಾಪಾಡಬೇಕು. ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಆ ಆರು ಗಂಟೆಗಳಲ್ಲಿ ಐದೂವರೆ ಗಂಟೆಯ ಗೊಂದಲವನ್ನು ಬಿಡಿಸುತ್ತ ಕೂರಲಾಗದು.

ಎಷ್ಟು ದಿನ?

ಎರಡು ಸರ್ವರ್ ಎಂದರೆ ಎರಡು ಪಟ್ಟು ಪರಿಹಾರಗಳು, ಎರಡು ಪಟ್ಟು ದಿನಚರಿಗಳು. ಕಾರ್ಖಾನೆಯಲ್ಲಿ ಅದನ್ನು ನೋಡುವವರು ಮಾತ್ರ ಒಬ್ಬರೇ. ಆದ್ದರಿಂದ ಈ ಜೋಡಿಸಂಸಾರಕ್ಕೆ ಮೊದಲೇ ಒಂದು ಕೊನೆಯ ದಿನಾಂಕ ಗೊತ್ತುಮಾಡಬೇಕು. ಹಳೆಯ ದಾಸ್ತಾನು ತಂತ್ರಾಂಶದ ಪುಟಗಳನ್ನು ಒಂದೊಂದಾಗಿ ಹೊಸದಕ್ಕೆ ತರುತ್ತ ಹೋಗಿ, ಪ್ರತಿ ಬಾರಿ ಮುಂದಿನ ಸರ್ವರ್‌ನ ಒಂದು ನಿಯಮವನ್ನು ಬದಲಿಸಿದರೆ ಸಾಕು. ತಪ್ಪಾದರೆ ಆ ಒಂದು ಸಾಲನ್ನು ಹಿಂದಿನಂತೆ ಮಾಡಿ, ಹಳೆಯ ಪುಟಕ್ಕೆ ಮರಳಬಹುದು. ಅಷ್ಟರಲ್ಲಿ ಹೊಸ ಪುಟದಲ್ಲಿ ತುಂಬಿಸಿದ ಲೆಕ್ಕವನ್ನು ಹಳೆಯದಕ್ಕೂ ಸೇರಿಸಿದರಾಯಿತು. ಲಾರಿ ಬಂದಾಗ ಲೆಕ್ಕ ಸಿಗುತ್ತದೆ.

ಕೊನೆಯ ಪುಟವೂ ಹೊಸದಕ್ಕೆ ಬಂದ ಮೇಲೆ ದತ್ತಸಂಚಯದ ಪ್ರತಿಯೊಂದನ್ನು ತೆಗೆದಿಟ್ಟು ಐಐಎಸ್ ಅನ್ನು ನಿಲ್ಲಿಸಬೇಕು. ಒಂದು ತಿಂಗಳು ಕಾದು, ಯಾರೂ ಅದನ್ನು ಕೇಳದಿದ್ದರೆ ತೆಗೆದುಹಾಕಬೇಕು. ಅಲ್ಲಿಯವರೆಗೆ ಯಾವ ಸರ್ವರ್ ಯಾವ ಪೋರ್ಟ್‌ನಲ್ಲಿದೆ, ಯಾವ ಹಾದಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಲೆಕ್ಕಪತ್ರದ ಕಡತದಲ್ಲಿ ಇಡುವುದನ್ನು ಮರೆಯಬೇಡಿ. 2004ರ ತಂತ್ರಾಂಶ ಬರೆದವರು ಅಂತಹ ಒಂದು ಹಾಳೆಯನ್ನು ಬಿಟ್ಟುಹೋಗಿದ್ದರೆ ನಮ್ಮ ಉದಾಹರಣೆಯ ಘಟಕಕ್ಕೆ ಈ ಕೆಲಸದ ಅರ್ಧ ಭಾರ ಇಳಿಯುತ್ತಿತ್ತು.